ಮರುಭೂಮಿಯಷ್ಟು ಕತ್ತಲೆ

ಇನ್ನು ಗಲ್ಫಿಗೆ ಮರಳುವುದಿಲ್ಲ ಎಂದು ಗಂಟುಮೂಟೆ ಕಟ್ಟಿಕೊಂಡು ಬಂದಿಳಿದ ಮೊದಲ ರಾತ್ರಿ ನನ್ನ ಗಂಡ ಅಂಗಳಕ್ಕೆ ಇಳಿದು, ಕತ್ತೆತ್ತಿ ನೋಡಿ, "ಇದು ಎಂತ ಆಕಾಶ ಮಾರಾಯ್ತಿ? ತಿಕ್ಕದ ಬಾಣಲೆಯ ಹಾಗೆ ಉಂಟು" ಎಂದರು. ಇಪ್ಪತ್ತೆಂಟು ವರ್ಷದ ನಂತರ ಮನೆ ಸೇರಿದವರು ಆಡುವ ಮೊದಲ ಮಾತು ಅದೇ? ಈ ಮನೆಯ ಬಾಣಲೆ ತಿಕ್ಕುವವಳು ನಾನೇ ಆದ್ದರಿಂದ ಅದು ನನಗೇ ಹೇಳಿದ್ದು ಎಂದುಕೊಂಡೆ.

ಬೇಸರದ ಸಂಗತಿ ಎಂದರೆ ಅವರು ಹೇಳಿದ್ದು ಸರಿ. ನಮ್ಮ ಮನೆ ಇರುವುದು ಕಾಪುವಿನಲ್ಲಿ, ಹೆದ್ದಾರಿಗೂ ಕಡಲಿಗೂ ನಡುವೆ. ಪಕ್ಕದ ಮನೆಯವರು ಕಂಪೌಂಡಿನ ಒಂದೊಂದು ಕಂಬದ ತಲೆಯ ಮೇಲೂ ಒಂದೊಂದು ಗುಂಡು ದೀಪ ಕೂರಿಸಿದ್ದಾರೆ, ಕಳ್ಳರು ಬಾರದಿರಲಿ ಎಂದು. ಕಳ್ಳನಿಗೆ ಟಾರ್ಚ್ ಹೊತ್ತು ತರುವ ಕಷ್ಟ ತಪ್ಪಿತು, ಅಷ್ಟೆ. ಅವರಿಂದಾಚೆಗಿನ ಮದುವೆ ಹಾಲಿನವರು ಸೀಸನ್ನಿನಲ್ಲಿ ಆಕಾಶಕ್ಕೆ ಗಿರಗಿರ ತಿರುಗುವ ದೀಪ ಬಿಡುತ್ತಾರೆ. ಮದುಮಕ್ಕಳು ಒಳಗೆ ಕುರ್ಚಿಯಲ್ಲಿ ಕೂತಿರುತ್ತಾರೆ. ದೀಪ ಮೋಡದಲ್ಲಿ ಯಾರನ್ನು ಹುಡುಕುತ್ತದೋ ನನಗೆ ಇವತ್ತಿಗೂ ತಿಳಿಯಲಿಲ್ಲ.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು. ಮಕ್ಕಳು ನನಗೆ ಹೆದರುತ್ತಿದ್ದರು, ಸಹೋದ್ಯೋಗಿಗಳು ಅದಕ್ಕಿಂತ ಹೆಚ್ಚು ಹೆದರುತ್ತಿದ್ದರು. ಎದುರಿಗೆ ಯಾರಾದರೂ ತಪ್ಪು ಹೇಳಿದರೆ ನನ್ನ ಮೂಗು ತಾನಾಗಿ ಸೊಟ್ಟಗಾಗುತ್ತದೆ. ಅದನ್ನು ನೇರ ಮಾಡಿಕೊಳ್ಳಲು ನಾನು ಯಾವತ್ತೂ ಪ್ರಯತ್ನ ಪಟ್ಟವಳಲ್ಲ. ನಕ್ಷತ್ರ ಎಂದರೆ ಮಾತ್ರ ನನಗೆ ಸಣ್ಣಂದಿನಿಂದ ಹುಚ್ಚು. ಆ ಹುಚ್ಚನ್ನು ಹಂಚಿಕೊಳ್ಳುವ ಯೋಗ್ಯತೆ ಇದ್ದ ಮನುಷ್ಯ ನನ್ನ ಲೆಕ್ಕದಲ್ಲಿ ಇಡೀ ತಾಲೂಕಿನಲ್ಲಿ ಇರಲಿಲ್ಲ. ಇದ್ದವರೊಬ್ಬರು ಮರುಭೂಮಿಯಲ್ಲಿದ್ದರು.

ಮದುವೆಯಾಗಿ ಎಂಟನೇ ತಿಂಗಳಿಗೆ ಇವರು ಮುಂಬಯಿಯಿಂದಲೇ ಎಲೆಕ್ಟ್ರಿಶಿಯನ್ ಕೆಲಸಕ್ಕೆಂದು ಗಲ್ಫಿಗೆ ಹೋದರು. ಎರಡು ವರ್ಷಕ್ಕೊಮ್ಮೆ ಒಂದು ತಿಂಗಳು ರಜೆ. ರಜೆ ಸಿಗುತ್ತಿದ್ದದ್ದು ಯಾವಾಗಲೂ ಮಳೆಗಾಲದಲ್ಲಿ, ಆದ್ದರಿಂದ ನಾವಿಬ್ಬರು ಒಟ್ಟಿಗೆ ನಿಂತು ನಕ್ಷತ್ರ ನೋಡಿದ್ದೇ ಇಲ್ಲ. ಆದರೆ ಪ್ರತಿ ಶುಕ್ರವಾರ ಫೋನ್ ಬರುತ್ತಿತ್ತು. ಮೊದಲು ಪಕ್ಕದ ಅಂಗಡಿಗೆ, ಆಮೇಲೆ ಮನೆಗೆ, ಕೊನೆಗೆ ನನ್ನ ಮೊಬೈಲಿಗೆ. ಫೋನಿನಲ್ಲಿ ಇವರು ಅಲ್ಲಿಯ ಆಕಾಶವನ್ನು ವರ್ಣಿಸುತ್ತಿದ್ದರು. ವೃಶ್ಚಿಕ ಮೂಡಿದೆ, ಬಾಲದ ಕೊಂಡಿಯವರೆಗೆ ಕಾಣುತ್ತದೆ. ಕೃತ್ತಿಕೆಯಲ್ಲಿ ಏಳಲ್ಲ, ಒಂಬತ್ತು ಎಣಿಸಿದೆ. ಮಲಗಿದರೆ ಮೈಮೇಲೆ ಉದುರುವಷ್ಟು ಉಂಟು. ಸೋಮವಾರ ಎಂಟನೇ ತರಗತಿಗೆ ಹೋಗಿ ನಾನು ಅದನ್ನು ಹಾಗೆಯೇ ಹೇಳುತ್ತಿದ್ದೆ. ಉಳಿದ ಟೀಚರುಗಳ ಗಂಡಂದಿರು ಗಲ್ಫಿನಿಂದ ಸೆಂಟು, ಚಾಕಲೇಟು ಕಳುಹಿಸುತ್ತಿದ್ದರು, ನನ್ನ ಗಂಡ ಆಕಾಶ ಕಳುಹಿಸುತ್ತಿದ್ದರು. ಅದರ ಜಂಬ ನನಗೆ ಕಡಿಮೆ ಇರಲಿಲ್ಲ.

ಅಂಥವರು ಬಂದು ಬಾಣಲೆ ಎಂದರೆ ಹೇಗಾಗಬೇಡ.

ಬಂದ ಮೇಲೆ ಇವರು ಹೆಚ್ಚು ಮಾತಾಡಲಿಲ್ಲ. ಬೆಳಿಗ್ಗೆ ಪೇಪರು, ಮಧ್ಯಾಹ್ನ ನಿದ್ದೆ, ಸಂಜೆ ಗೇಟಿನ ಬಳಿ ನಿಂತು ಹೋಗುವ ಬರುವವರನ್ನು ನೋಡುವುದು. ಜನವರಿಯಲ್ಲಿ ಅಲ್ಲಿಂದ ಫೋನ್ ಬಂತು. ಹಳೆಯ ಮೇಸ್ತ್ರಿಯೊಬ್ಬ ಈಗ ಸ್ವಂತ ಕಂಪನಿ ಮಾಡಿದ್ದಾನಂತೆ, ಮೇಲ್ವಿಚಾರಣೆಗೆ ನಂಬಿಕಸ್ತ ಮನುಷ್ಯ ಬೇಕಂತೆ, ಎರಡು ವರ್ಷ. ಮಾರ್ಚ್ ಮುಗಿಯುವುದರೊಳಗೆ ಹೇಳಬೇಕಂತೆ. ಇವರ ಮುಖದಲ್ಲಿ ಬಂದ ದಿನದಿಂದ ಕಾಣದ ಕಳೆ ಆ ಫೋನಿನಿಂದ ಬಂತು. ನನಗೆ ಸಿಟ್ಟು ನೆತ್ತಿಗೇರಿತು.

"ಅರವತ್ತು ದಾಟಿದ ಮೇಲೆ ಅಲ್ಲಿ ಎಂತ ಇಟ್ಟಿದ್ದೀರಿ?" ಎಂದು ಕೇಳಿದೆ.

"ಇಲ್ಲಿ ಎಂತ ಉಂಟು? ಅಲ್ಲಿ ಆಕಾಶವಾದರೂ ಉಂಟು" ಎಂದರು.

ಇವರು ಹೋಗಬಾರದು ಎಂದು ನನಗೆ ಎಷ್ಟು ಅನ್ನಿಸಿತೆಂದರೆ, ಗ್ಯಾಸಿನ ಮೇಲಿದ್ದ ಹಾಲು ಉಕ್ಕಿ ಚೆಲ್ಲುವುದನ್ನು ನೋಡುತ್ತಲೇ ನಿಂತಿದ್ದೆ. ಆದರೆ ಗೋಗರೆಯುವುದು ನನ್ನ ಜಾಯಮಾನವಲ್ಲ. "ಆಕಾಶ ಇಲ್ಲಿಯೂ ಉಂಟು. ನಿಮ್ಮ ಮರುಭೂಮಿಯಷ್ಟು ಕತ್ತಲೆ ಇರುವ ಜಾಗ ನಾನು ತೋರಿಸಿದರೆ ಉಳಿಯುತ್ತೀರಾ?" ಎಂದೆ. ಇವರು ನಕ್ಕು, "ತೋರಿಸು ನೋಡುವ" ಎಂದರು. ಹೀಗೆ ಶುರುವಾಯಿತು ನಮ್ಮ ತಿರುಗಾಟ. ಅಮಾವಾಸ್ಯೆಯ ಆಚೆ ಈಚೆಯ ನಾಲ್ಕೈದು ದಿನ, ಮಾರ್ಚ್ ಕೊನೆಯವರೆಗೆ. ನನ್ನ ಬಳಿ ಇದ್ದದ್ದು ಅಷ್ಟೇ. ಕಾರು ಓಡಿಸುವುದು ನಾನು. ಇವರಿಗೆ ಬರುವುದಿಲ್ಲ, ಪಕ್ಕದಲ್ಲಿ ಕೂತು ಇಲ್ಲದ ಬ್ರೇಕು ತುಳಿಯಲು ಮಾತ್ರ ಬರುತ್ತದೆ.

ಮೊದಲು ಕಾಪುವಿನ ಬೀಚಿಗೇ ಹೋದೆವು. ದೀಪಸ್ತಂಭದ ತಪ್ಪಿಲ್ಲ, ಅದಕ್ಕೆ ಅದರ ಕೆಲಸ ಉಂಟು. ಅದರ ಕೆಳಗಿದ್ದ ಮನುಷ್ಯರಿಗೆ ಯಾವ ಕೆಲಸವೂ ಇರಲಿಲ್ಲ. ಚುರುಮುರಿ ಗಾಡಿಗೆ ಒಂದು ಬಿಳಿ ಬಲ್ಬು, ಐಸ್‌ಕ್ರೀಮಿನವನಿಗೆ ಬಣ್ಣ ಬದಲಿಸುವ ಬಲ್ಬು. ಕಡಲಿನ ಫೋಟೋ ತೆಗೆಯುತ್ತೇವೆಂದು ಕತ್ತಲೆಗೆ ಫ್ಲ್ಯಾಶ್ ಹೊಡೆಯುವವರು ಸಾಲಾಗಿ ನಿಂತಿದ್ದರು. ಮೊಬೈಲಿನ ಫ್ಲ್ಯಾಶ್ ಅರಬ್ಬೀ ಸಮುದ್ರವನ್ನು ಬೆಳಗುತ್ತದೆ ಎಂದು ನಂಬಿದವರಿಗೆ ನಾವೇ ಅಲ್ಲವೇ ಎಸ್ಸೆಸ್ಸೆಲ್ಸಿ ಪಾಸ್ ಮಾಡಿಸಿದ್ದು. ಬೆನ್ನು ತಿರುಗಿಸಿ ಕಡಲಿನ ಕಡೆ ನೋಡಿದರೆ ಅಲ್ಲಿಯೂ ಒಂದು ಪೇಟೆ ಎದ್ದಿತ್ತು. ಮೀನನ್ನು ಬೆಳಕಿಗೆ ಸೆಳೆಯಲು ದೋಣಿಗಳು ಹಾಕುವ ದೀಪ. ಪಶ್ಚಿಮದ ಅಂಚು ಇಡೀ ಬೆಳ್ಳಗೆ.

"ಅಲ್ಲಿಯ ಹಾಗೆ ಇಲ್ಲ" ಎಂದರು ಇವರು.

"ಅದು ನನಗೂ ಕಾಣುತ್ತದೆ" ಎಂದೆ.

ಎರಡನೆಯ ಸಲ ಮಣಿಪಾಲ. ಎತ್ತರದ ಜಾಗವಾದರೂ ಮಣಿಪಾಲದಲ್ಲಿ ಕತ್ತಲೆ ಎಂದರೆ ಕರೆಂಟು ಹೋಗಿ ಜನರೇಟರ್ ಶುರುವಾಗುವವರೆಗಿನ ಐದು ಸೆಕೆಂಡು ಎಂದು ನನಗೆ ಗೊತ್ತಿತ್ತು. ಆದರೂ ಹೋದದ್ದು, ಅಲ್ಲಿ ಯುವಕರ ಗುಂಪೊಂದು ನಕ್ಷತ್ರ ವೀಕ್ಷಣೆ ಇಟ್ಟುಕೊಂಡಿದೆ, ಅವರಿಗೆ ಒಳ್ಳೆಯ ಜಾಗಗಳು ಗೊತ್ತಿರಬಹುದು ಎಂದು. ನಮ್ಮ ಸೆಖೆಯಲ್ಲಿ ಜಾಕೆಟ್ ಹಾಕಿಕೊಂಡ ಒಬ್ಬ ಹುಡುಗ ಹಸಿರು ಲೇಸರ್ ಹಿಡಿದು, ಎಲ್ಲಕ್ಕಿಂತ ಪ್ರಕಾಶಮಾನವಾದ ನಕ್ಷತ್ರವನ್ನು ತೋರಿಸಿ, ಅದೇ ಧ್ರುವ ನಕ್ಷತ್ರ ಎಂದ. ಸುತ್ತ ಇದ್ದವರು ಅಬ್ಬಾ ಎಂದರು. ನನ್ನ ಮೂಗು ಅದರ ಕೆಲಸ ಮಾಡಿತು.

"ಅದು ಲುಬ್ಧಕ. ಧ್ರುವ ನಕ್ಷತ್ರ ನಿನ್ನ ಬೆನ್ನ ಹಿಂದೆ, ಆ ಹಾಸ್ಟೆಲಿನ ಮೂರನೆಯ ಮಾಳಿಗೆಯ ಹತ್ತಿರ ಎಲ್ಲೋ ಉಂಟು" ಎಂದೆ.

"ಆಂಟಿ, ನೀವು ಟೀಚರಾ?" ಎಂದು ಕೇಳಿದ.

"ಹೌದು."

"ಗೊತ್ತಾಯಿತು" ಎಂದು ಲೇಸರನ್ನು ಬೇರೆ ಕಡೆ ತಿರುಗಿಸಿದ. ಇವರು ಕಾರಿನಲ್ಲಿ ಕೂತ ಮೇಲೂ ನಗುತ್ತಿದ್ದರು. ಬಂದ ಮೇಲೆ ಇವರು ಮನಸ್ಸು ಬಿಚ್ಚಿ ನಕ್ಕದ್ದು ಅದೇ ಮೊದಲು. ಅದೂ ನನ್ನನ್ನು ನೋಡಿ.

ಆಮೇಲಿನ ಎರಡು ಮೂರು ಜಾಗಗಳ ಬಗ್ಗೆ ಬರೆಯಲು ಹೆಚ್ಚೇನೂ ಇಲ್ಲ. ಉಚ್ಚಿಲದಲ್ಲಿ ಹೆದ್ದಾರಿಯ ಲಾರಿಗಳು ಕಣ್ಣಿಗೆ ಹೊಡೆದವು. ನಂದಿಕೂರಿನ ಕಡೆ ಹೋದರೆ ವಿದ್ಯುತ್ ಸ್ಥಾವರ. ಬೆಳಕು ಹುಟ್ಟುವ ಮನೆಗೇ ಕತ್ತಲೆ ಕೇಳಲು ಹೋದದ್ದು ನನ್ನ ಬುದ್ಧಿವಂತಿಕೆ. ನಿಟ್ಟೆಯ ಆಚೆ ಒಂದು ಗದ್ದೆ ನೋಡಿಟ್ಟಿದ್ದೆ, ಹಗಲಿನಲ್ಲಿ ನೋಡುವಾಗ ಕಾಗೆಯೂ ಇರಲಿಲ್ಲ. ಸಂಜೆ ಹೋದರೆ ಹೊನಲು ಬೆಳಕಿನ ಕ್ರಿಕೆಟ್ ಪಂದ್ಯಾಟ. ಸುತ್ತಲೂ ಕಂಬ ನೆಟ್ಟು, ಹಗಲಿಗಿಂತ ಹೆಚ್ಚು ಹಗಲು ಮಾಡಿದ್ದರು. ಮೈಕಿನವನು ಪ್ರತಿ ಎಸೆತಕ್ಕೂ ಗಂಟಲು ಹರಿದುಕೊಳ್ಳುತ್ತಿದ್ದ. ಹಗಲು ಸೂರ್ಯ ಪುಕ್ಕಟೆ ಕೊಡುವ ಬೆಳಕಿನಲ್ಲಿ ನಿದ್ದೆ ಮಾಡಿ, ರಾತ್ರಿ ಬಾಡಿಗೆ ಬೆಳಕಿನಲ್ಲಿ ಆಡುವ ಜನ ನಾವು. ನಮಗೆ ಆಕಾಶ ಯಾಕೆ? ಇವರು ಮಾತ್ರ ಕಾರಿನಿಂದಿಳಿದು ಆ ಕಂಬಗಳನ್ನೇ ತುಂಬಾ ಹೊತ್ತು ನೋಡುತ್ತಾ ನಿಂತರು. ಆಟ ನೋಡುತ್ತಿದ್ದಾರೆ ಎಂದು ನಾನು ಹಾರ್ನ್ ಹೊಡೆದೆ.

ಫೆಬ್ರವರಿಯಲ್ಲಿ ಒಂದು ಜಾಗ ಸಿಕ್ಕಿತು. ಕಾರ್ಕಳ ದಾಟಿ ಒಳಗೆ ಹೋದರೆ ಒಂದು ಪದವು. ಪದವು ಎಂದರೆ ಕೆಂಪು ಮುರಕಲ್ಲಿನ ಎತ್ತರದ ಬಯಲು, ಮರವಿಲ್ಲ, ಹುಲ್ಲು ಮಾತ್ರ. ಅಂಚಿನಲ್ಲಿ ಏಳೆಂಟು ಮನೆಗಳು, ರಸ್ತೆ ದೀಪ ಒಂದೂ ಇಲ್ಲ. ಸಂಜೆ ಏಳೂವರೆಗೆ ಅಲ್ಲಿ ಚಾಪೆ ಹಾಸಿ ಕೂತಾಗ ಕೃತ್ತಿಕೆಯಲ್ಲಿ ನನಗೆ ಏಳು ಸ್ಪಷ್ಟವಾಗಿ ಕಂಡಿತು. ಮಾರ್ಚ್ ತಿಂಗಳ ಬೆಳಗಿನ ಜಾವಕ್ಕೆ ಆಕಾಶಗಂಗೆಯ ದಪ್ಪ ಭಾಗ ತೆಂಕಣದಲ್ಲಿ ಏಳುತ್ತದೆ. ಇಲ್ಲಿ ಅದು ಕಂಡರೆ ಗೆದ್ದೆ ಎಂದುಕೊಂಡೆ.

"ಪರವಾಗಿಲ್ಲ, ಅರ್ಧ ಉಂಟು" ಎಂದರು ಇವರು.

ನಾಲ್ಕು ಸಂಜೆ ಹೋದೆವು. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲಿ ಎಂದು ಟಾರ್ಚಿಗೆ ಕೆಂಪು ಕಾಗದ ಕಟ್ಟಿಕೊಂಡು ಓಡಾಡುತ್ತಿದ್ದೆ. ಎರಡನೆಯ ದಿನ ಅಂಚಿನ ಮನೆಯವರು ಬಂದು ವಿಚಾರಿಸಿದರು. ನಾನು ತರಗತಿಗೆ ಹೇಳುವಂತೆಯೇ ಬಿಡಿಸಿ ಹೇಳಿದೆ. ಅವರು ತಲೆದೂಗಿದರು, ಒಳಗಿಂದ ಚಹಾ ತಂದರು. ಊರಿನ ಯುವಕ ಮಂಡಲದ ಕಾರ್ಯದರ್ಶಿ ನನ್ನ ನಂಬರ್ ಬರೆದುಕೊಂಡ. ಕೊನೆಗೂ ನಾಲ್ಕು ಜನ ತಿಳಿದವರು ಸಿಕ್ಕಿದರಲ್ಲ ಎಂದು ಹಿಗ್ಗಿದೆ.

ಮಾರ್ಚ್ ಎರಡನೆಯ ವಾರ ಕಾರ್ಯದರ್ಶಿಯ ಫೋನ್. "ಮೇಡಂ, ಈ ಶನಿವಾರ ಸರ್ ಅನ್ನೂ ಕರೆದುಕೊಂಡು ಸ್ವಲ್ಪ ಬೇಗ ಬನ್ನಿ. ನಮ್ಮದೊಂದು ಸಣ್ಣ ಕಾರ್ಯಕ್ರಮ ಉಂಟು." ಊರಿನ ಮಕ್ಕಳಿಗೆ ನನ್ನಿಂದ ಉಪನ್ಯಾಸ ಮಾಡಿಸುತ್ತಾರೆ ಎಂದು ನಾನು ಎರಡು ದಿನ ಕೂತು ಟಿಪ್ಪಣಿ ಬರೆದೆ. ಹೋಗಿ ನೋಡಿದರೆ ಶಾಮಿಯಾನ, ಕುರ್ಚಿ, ಮೈಕು. ಪದವಿನ ನಟ್ಟನಡುವೆ, ನಾವು ಚಾಪೆ ಹಾಸುತ್ತಿದ್ದ ಜಾಗದಿಂದ ಹತ್ತು ಹೆಜ್ಜೆಗೆ, ಹೊಸ ಕಬ್ಬಿಣದ ಕಂಬ. ತುದಿಯಲ್ಲಿ ಎರಡು ದೊಡ್ಡ ಎಲ್‌ಇಡಿ ದೀಪ, ರಿಬ್ಬನ್ ಕಟ್ಟಿದ್ದು.

ನಮ್ಮ ಕರಾವಳಿಯವರಿಗೆ ಒಬ್ಬರ ಮೇಲೆ ಪ್ರೀತಿ ಬಂದರೆ ಸನ್ಮಾನ ಮಾಡದೆ ಬಿಡುವುದಿಲ್ಲ. ನಮ್ಮಿಬ್ಬರನ್ನೂ ಅಕ್ಕಪಕ್ಕ ಕೂರಿಸಿ, ಇವರ ತಲೆಗೆ ಪೇಟ ಇಟ್ಟು, ನನಗೆ ಶಾಲು ಹೊದೆಸಿ, ಮಡಿಲಿಗೆ ಹಣ್ಣಿನ ಬುಟ್ಟಿ ಕೊಟ್ಟರು. ಕಾರ್ಯದರ್ಶಿ ಮೈಕಿನಲ್ಲಿ ಹೇಳಿದ: "ಕಾಪುವಿನಿಂದ ಇಷ್ಟು ದೂರ ಬಂದು, ಈ ವಯಸ್ಸಿನಲ್ಲಿ, ಒಂದು ಕೆಂಪು ಟಾರ್ಚ್ ಹಿಡಿದುಕೊಂಡು ಕತ್ತಲೆಯಲ್ಲಿ ತಡಕಾಡುತ್ತಾ ನಮ್ಮ ಪದವಿನಲ್ಲಿ ವಿಜ್ಞಾನದ ಕೆಲಸ ಮಾಡುವ ಈ ದಂಪತಿಯ ಕಷ್ಟ ನಮಗೆ ನೋಡಲಿಕ್ಕೆ ಆಗಲಿಲ್ಲ. ಪಂಚಾಯತಿನ ಹಿಂದೆ ಬಿದ್ದು ಈ ದೀಪ ಮಾಡಿಸಿದ್ದೇವೆ. ಇನ್ನು ಅವರು ಆರಾಮವಾಗಿ ನಕ್ಷತ್ರ ನೋಡಬಹುದು." ಜನ ಚಪ್ಪಾಳೆ ತಟ್ಟಿದರು. ನಮ್ಮ ಬೀದಿಯ ಕೆಟ್ಟುಹೋದ ಬಲ್ಬು ಬದಲಿಸಲು ಒಂದು ವರ್ಷ ಅಲೆದವಳು ನಾನು. ಇಲ್ಲಿ ಮೂರು ವಾರದಲ್ಲಿ ಕಂಬವೇ ಎದ್ದಿತ್ತು.

ಸ್ವಿಚ್ ಒತ್ತಿದರು. ಇಡೀ ಪದವು ಆಪರೇಷನ್ ಥಿಯೇಟರಿನ ಹಾಗಾಯಿತು. ಮೇಲೆ ಕೃತ್ತಿಕೆ ಹೋಯಿತು, ರೋಹಿಣಿ ಹೋಯಿತು. ಉಪನ್ಯಾಸದ ಟಿಪ್ಪಣಿಯನ್ನು ಹಣ್ಣಿನ ಬುಟ್ಟಿಯ ಅಡಿಗೆ ತುರುಕಿದೆ. ಎದ್ದು ನಿಂತು ಎಲ್ಲರಿಗೂ ಮಂಗಳಾರತಿ ಎತ್ತಬೇಕೆಂದು ನಾಲಿಗೆ ತುರಿಸುತ್ತಿತ್ತು. ಆದರೆ ಆ ಮುಖಗಳನ್ನು ನೋಡಿದರೆ, ಎಲ್ಲರೂ ಹಬ್ಬದ ದಿನದ ಹಾಗೆ ನಗುತ್ತಿದ್ದರು. ಕೆಟ್ಟವರನ್ನು ಬೈದು ಬಿಡಬಹುದು. ಒಳ್ಳೆಯವರು ಮಾಡುವ ಹಾಳಿಗೆ ಬಾಯಿ ಮುಚ್ಚಿಕೊಂಡು ಶಾಲು ಹೊದೆದುಕೊಳ್ಳಬೇಕು.

ಇವರಿಗೂ ಎರಡು ಮಾತಾಡಲು ಮೈಕ್ ಕೊಟ್ಟರು. ಆಕಾಶದ ಬಗ್ಗೆ ಏನಾದರೂ ಹೇಳಿ ಮಾನ ಉಳಿಸುತ್ತಾರೆ ಎಂದುಕೊಂಡೆ. ಇವರು ಪೇಟ ಸರಿಪಡಿಸಿಕೊಂಡು, ಕಂಬದ ಕಡೆ ಕೈ ತೋರಿಸಿ, "ದೀಪ ಒಳ್ಳೆಯದು. ಆದರೆ ಕೂರಿಸಿದ್ದು ಸರಿಯಿಲ್ಲ. ಮುಖ ಮೇಲೆ ಆಗಿದೆ. ಹೀಗೆ ಇದ್ದರೆ ಅರ್ಧ ಬೆಳಕು ಯಾರಿಗೂ ಇಲ್ಲ, ನೆಲಕ್ಕೆ ಬಗ್ಗಿಸಬೇಕು. ನಾನು ಅಲ್ಲಿ ಅಷ್ಟೂ ವರ್ಷ ಮಾಡಿದ್ದು ಇದೇ ಕೆಲಸ" ಎಂದು ಹೇಳಿ ಕೂತರು. ನನಗೆ ನಾಚಿಕೆಯಾಯಿತು. ಎಲೆಕ್ಟ್ರಿಶಿಯನ್ ಎಂದು ಗೊತ್ತಿತ್ತು, ಕಂಬಕ್ಕೆ ದೀಪ ಕಟ್ಟುವವರು ಎಂದು ಗೊತ್ತಿರಲಿಲ್ಲ. ಗೊತ್ತಿರಲಿಲ್ಲ ಎಂದರೆ ಕೇಳಿರಲಿಲ್ಲ. ಆ ಕ್ಷಣದಲ್ಲಿ ಅನ್ನಿಸಿದ್ದು ಇಷ್ಟೇ, ಸನ್ಮಾನದ ಸ್ಟೇಜಿನಲ್ಲಿ ವಯರಿಂಗಿನ ಮಾತು ಬೇಕಿತ್ತೇ ಎಂದು.

ದಾರಿಯುದ್ದಕ್ಕೂ ನಾನು ಉರಿಯುತ್ತಿದ್ದೆ. ಮಾರ್ಚ್ ಅಮಾವಾಸ್ಯೆಗೆ ಒಂದೇ ವಾರ ಉಳಿದಿತ್ತು. ಅದು ಕೈತಪ್ಪಿದರೆ ಇವರು ವಿಮಾನ ಹತ್ತುತ್ತಾರೆ. ಮನೆಗೆ ಬಂದು ಹಣ್ಣು ತೊಳೆಯುವಾಗ ಒಂದು ವಿಚಾರ ಹೊಳೆಯಿತು. ನಕ್ಷತ್ರ ನೋಡುವವರೆಲ್ಲ ಎತ್ತರಕ್ಕೆ ಹತ್ತುತ್ತಾರೆ. ಎತ್ತರಕ್ಕೆ ಹತ್ತಿದಷ್ಟೂ ಸುತ್ತಲಿನ ಪೇಟೆಗಳ ಬೆಳಕು ಹೆಚ್ಚು ಕಾಣುತ್ತದೆ. ನಾನೂ ಎಲ್ಲರ ಹಾಗೆ ಕುರಿಯೇ. ಹತ್ತುವುದಲ್ಲ, ಇಳಿಯಬೇಕು. ಆ ಪದವಿಗೆ ಹೋಗುವ ದಾರಿಯಲ್ಲಿ, ಒಂದೆರಡು ಕಿಲೋಮೀಟರು ಮೊದಲೇ, ಕಲ್ಲು ತೆಗೆದು ಬಿಟ್ಟುಹೋದ ಹಳೆಯ ಕೋರೆ ಇತ್ತು. ನಾಲ್ಕು ಆಳೆತ್ತರದ ಕೆಂಪು ಗೋಡೆಗಳು. ಅದರೊಳಗೆ ಇಳಿದರೆ ಕಾರ್ಕಳದ ಬೆಳಕೂ ಕಾಣದು, ನಮ್ಮ ಸನ್ಮಾನದ ಕಂಬವೂ ಕಾಣದು. ಮಾರ್ಚಿನಲ್ಲಿ ನೀರೂ ಇರುವುದಿಲ್ಲ.

ಮರುದಿನವೇ ಹಗಲಲ್ಲಿ ಹೋಗಿ ಇಳಿಯುವ ದಾರಿ ನೋಡಿ ಬಂದೆ. ಅಮಾವಾಸ್ಯೆಯ ದಿನ ಇವರನ್ನು ಬೆಳಗಿನ ಜಾವ ಮೂರಕ್ಕೆ ಎಬ್ಬಿಸಿದೆ. ಗೊಣಗುತ್ತಾ ಬಂದರು. ಕೋರೆಯ ಬಾಯಿಯಲ್ಲಿ ಕಾರು ನಿಲ್ಲಿಸಿ, ಲಾರಿ ಇಳಿಯುತ್ತಿದ್ದ ಇಳಿಜಾರಿನಲ್ಲಿ ಇವರ ಕೈ ಹಿಡಿದುಕೊಂಡು ಇಳಿದೆ. ತಳ ಮುಟ್ಟಿ, ಟಾರ್ಚ್ ಆರಿಸಿ, ಚಾಪೆಯ ಮೇಲೆ ಇಬ್ಬರೂ ಮಲಗಿದೆವು. ಕಣ್ಣು ಹೊಂದಿಕೊಳ್ಳಲು ಹತ್ತು ಹದಿನೈದು ನಿಮಿಷ ಬೇಕು, ಮಾತಾಡಬೇಡಿ ಎಂದು ತಾಕೀತು ಮಾಡಿದೆ. ಮಾತಾಡುವುದಕ್ಕೂ ಕಣ್ಣಿಗೂ ಸಂಬಂಧವಿಲ್ಲ. ಟೀಚರ್ ಬುದ್ಧಿ.

ಮೆಲ್ಲಗೆ ಅದು ಬಂತು. ತೆಂಕಣ ಗೋಡೆಯ ಅಂಚಿನಿಂದ ಹೊರಟು, ನಮ್ಮ ತಲೆಯ ಮೇಲೆ ಓರೆಯಾಗಿ, ಬಡಗಣ ಗೋಡೆಯವರೆಗೆ. ನಾನು ಇಷ್ಟು ದಪ್ಪವಾಗಿ ಅದನ್ನು ನೋಡದೆ ಎಷ್ಟೋ ವರ್ಷವಾಗಿತ್ತು. ನಡುವಿನ ಕಪ್ಪು ಸೀಳು ಕೂಡ ಕಾಣುತ್ತಿತ್ತು. ಗೆದ್ದೆ ಎಂದುಕೊಂಡೆ, ಈಗ ಈ ಮನುಷ್ಯ ಬಾಯಿ ಬಿಡಲಿ, ಅಲ್ಲಿಯ ಹಾಗೆ ಉಂಟು ಎಂದು ಒಪ್ಪಿಕೊಳ್ಳಲಿ ಎಂದು ಕಾದೆ.

ಇವರು ಕತ್ತು ಆಚೆ ಈಚೆ ಹೊರಳಿಸಿ ನೋಡಿ, "ನಕ್ಷತ್ರ ಏನೋ ಒಳ್ಳೆಯದುಂಟು. ಆದರೆ ಆ ಮೋಡ ಒಂದು ಅಡ್ಡ ಬಂದಿದೆಯಲ್ಲ" ಎಂದರು.

"ಯಾವ ಮೋಡ?"

"ಅದೇ, ಉದ್ದಕ್ಕೆ. ಬೆಳ್ಳಗೆ. ಎಂತ ಮೋಡ ಅದು, ಅಲುಗುವುದೇ ಇಲ್ಲ."

ನನ್ನ ಮೂಗು ಸೊಟ್ಟಗಾಗಲಿಲ್ಲ. ನಾನು ಎದ್ದು ಕೂತೆ. ಇಪ್ಪತ್ತೆಂಟು ವರ್ಷ ಮರುಭೂಮಿಯ ಆಕಾಶದ ಕೆಳಗೆ ಮಲಗಿದವನಿಗೆ ಆಕಾಶಗಂಗೆ ಯಾವುದೆಂದು ಗೊತ್ತಿಲ್ಲ. ಅಂಥವನೊಬ್ಬ ಇರಲು ಸಾಧ್ಯವಿಲ್ಲ.

"ನೀವು ಇದನ್ನು ಯಾವತ್ತೂ ನೋಡಿಲ್ಲ" ಎಂದೆ.

ಇವರೂ ಎದ್ದು ಕೂತರು. "ಸಣ್ಣದಿರುವಾಗ ಕತ್ತಲೆಯಾದ ಮೇಲೆ ಅಂಗಳಕ್ಕೆ ಇಳಿಯಲು ಬಿಡುತ್ತಿರಲಿಲ್ಲ. ಹದಿನಾಲ್ಕಕ್ಕೆ ಮುಂಬಯಿ ಹೋಟೆಲು. ಆಮೇಲೆ ಅಲ್ಲಿ. ಅಲ್ಲಿ ಕತ್ತಲೆ ಎಲ್ಲಿ ಮಾರಾಯ್ತಿ? ಸೈಟಿಗೆ ಲೈಟ್ ಹಾಕುವುದೇ ನನ್ನ ಕೆಲಸ ಅಲ್ವಾ. ಕ್ಯಾಂಪಿನಲ್ಲಿ ಒಂದು ರೂಮಿಗೆ ಎಂಟು ಜನ. ಒಬ್ಬೊಬ್ಬರಿಗೆ ಒಂದೊಂದು ಶಿಫ್ಟು, ಟ್ಯೂಬ್‌ಲೈಟ್ ಆರಿಸಿದ್ದೇ ಇಲ್ಲ. ಕಣ್ಣಿಗೆ ಮೈ ಒರೆಸುವ ಬೈರಾಸು ಕಟ್ಟಿಕೊಂಡು ಮಲಗುವುದು."

"ಮತ್ತೆ ಫೋನಿನಲ್ಲಿ ಹೇಳಿದ್ದೆಲ್ಲ?"

"ನೀನೇ ಮೊದಲ ವರ್ಷ ಒಂದು ನಕ್ಷತ್ರದ ಮ್ಯಾಪ್ ಕಳುಹಿಸಿದ್ದೆ. ಅದನ್ನು ನೋಡಿ ನಾನು ಹೇಳುತ್ತಿದ್ದೆ."

ನನ್ನ ನಕ್ಷೆಯನ್ನೇ ನನಗೆ ಓದಿ ಹೇಳಿದ್ದರು. ಅದು ನಮ್ಮೂರಿನ ಆಕಾಶದ ನಕ್ಷೆ. ಇವರಿದ್ದ ಊರು ಎಷ್ಟೋ ಬಡಗಣಕ್ಕೆ, ಅಲ್ಲಿ ತೆಂಕಣದ ನಕ್ಷತ್ರಗಳು ಅಷ್ಟು ಎತ್ತರಕ್ಕೆ ಏಳುವುದೇ ಇಲ್ಲ. ಇಡೀ ತಾಲೂಕಿನ ತಪ್ಪು ಹುಡುಕುತ್ತಿದ್ದ ವಿಜ್ಞಾನದ ಟೀಚರಿಗೆ ಅದು ಒಂದು ಶುಕ್ರವಾರವೂ ಹೊಳೆಯಲಿಲ್ಲ. ಎಂಟನೇ ತರಗತಿಯ ಎಷ್ಟು ಮಕ್ಕಳಿಗೆ ಅದನ್ನು ಬೋರ್ಡಿನ ಮೇಲೆ ಬರೆದಿದ್ದೆನೋ.

"ಯಾಕೆ?" ಎಂದೆ.

"ಬೇರೆ ಎಂತ ಹೇಳಬೇಕಿತ್ತು ನಿನ್ನಲ್ಲಿ? ಬೆನ್ನು ನೋವು ಎಂದರೆ ನೀನು, ನನಗೂ ಉಂಟು ಎನ್ನುತ್ತಿದ್ದೆ. ಊಟ ಸರಿಯಿಲ್ಲ ಎಂದರೆ, ನೀವೇ ಹೋದದ್ದಲ್ವಾ ಎನ್ನುತ್ತಿದ್ದೆ. ಕೆಲಸದ ಸುದ್ದಿ ತೆಗೆದರೆ, ಫೋನ್ ಇಡುತ್ತೇನೆ, ಪೇಪರ್ ತಿದ್ದಲಿಕ್ಕುಂಟು ಎನ್ನುತ್ತಿದ್ದೆ. ನಕ್ಷತ್ರ ಎಂದರೆ ಮಾತ್ರ ಇಡುತ್ತಿರಲಿಲ್ಲ. ಮತ್ತೆ ಮತ್ತೆ ಕೇಳುತ್ತಿದ್ದೆ."

ಇದರಲ್ಲಿ ಒಂದು ಮಾತೂ ಸುಳ್ಳಾಗಿರಲಿಲ್ಲ. ನನ್ನದೇ ಧಾಟಿಯಲ್ಲಿ ಇವರು ನನ್ನ ಮಾತುಗಳನ್ನು ಹೇಳಿದಾಗ, ಕತ್ತಲೆಯಲ್ಲಿ ಯಾರೋ ನನ್ನ ಕಿವಿ ಹಿಂಡಿದಂತಾಯಿತು. ಉಳಿದವರ ಮೇಲೆಲ್ಲ ಜೀವಮಾನವಿಡೀ ಕಾರಿದ ತಿರಸ್ಕಾರ ನನಗೆ ನನ್ನ ಮೇಲೆಯೇ ಬಂತು.

"ಮತ್ತೆ ಅಲ್ಲಿಗೇ ಯಾಕೆ ಹೋಗಬೇಕು? ಆಕಾಶವೂ ಇಲ್ಲ, ಎಂತದೂ ಇಲ್ಲ" ಎಂದೆ.

"ಅಲ್ಲಿಂದ ಮಾತಾಡಿದರೆ ನೀನು ಕೇಳುತ್ತೀ" ಎಂದರು. "ಇಲ್ಲಿ ನಾನು ಬಾಯಿ ತೆರೆದರೆ ಮೂಗು ಮುರಿಯುತ್ತೀ."

ನಾನು ಅತ್ತೆ. ಕತ್ತಲೆ ಇದ್ದದ್ದಕ್ಕೆ ಅಷ್ಟು ಉಪಯೋಗವಾಯಿತು. ಉಳಿಯಿರಿ, ನಾನು ಕೇಳುತ್ತೇನೆ ಎಂದೆ. ಇವರು ಮೇಲಕ್ಕೆ ಕೈ ತೋರಿಸಿದರು. "ಅದು ಮೋಡ ಅಲ್ಲದಿದ್ದರೆ ಎಂತ ಅದು?" ಎಂದು ಕೇಳಿದರು. ಹೇಳಿದೆ. ಮೂಡಣ ಗೋಡೆಯ ಮೇಲೆ ಬೆಳಕು ಬರುವವರೆಗೆ ಇಬ್ಬರೂ ಅದನ್ನೇ ನೋಡಿದೆವು.

ಆ ವಾರದ ಕೊನೆಗೆ ಇವರು ಮೇಸ್ತ್ರಿಗೆ ಫೋನ್ ಮಾಡಿ ಬರುವುದಿಲ್ಲ ಎಂದರು. ಆದರೆ ಅವತ್ತು ಬೆಳಿಗ್ಗೆ, ಬೆಳ್ಮಣ್ ದಾಟಿ ಮನೆಯ ಕಡೆ ಬರುವಾಗ, ಅದು ನನಗೆ ಗೊತ್ತಿರಲಿಲ್ಲ. ನಾನು ಹಾಗೆಯೇ ಕೇಳಿದೆ, ಅಲ್ಲಿ ಕಂಬದ ತುದಿಗೆ ದೀಪ ಏರಿಸುವುದು ಹೇಗೆ, ಯಾರು ಹಿಡಿದುಕೊಳ್ಳುವುದು ಎಂದು. ಇವರು ಶುರು ಮಾಡಿದರು. ಕೇಬಲ್ಲಿನ ದಪ್ಪ, ಡ್ರಮ್ಮು, ಕ್ರೇನಿನ ಡ್ರೈವರ್, ಬೇಸಗೆಯಲ್ಲಿ ಕಬ್ಬಿಣ ಮುಟ್ಟಿದರೆ ಚರ್ಮ ಅಂಟುವುದು, ಒಂದು ಬೋಲ್ಟಿನ ಬಗ್ಗೆಯೇ ನಂದಿಕೂರಿನಿಂದ ಪಡುಬಿದ್ರಿಯವರೆಗೆ. ಉಚ್ಚಿಲ ಬರುವಾಗ ತಟ್ಟನೆ ಮಾತು ನಿಲ್ಲಿಸಿ ನನ್ನ ಮುಖ ನೋಡಿದರು.

"ಬೋರಾಗುತ್ತದಾ?"

"ಇಲ್ಲ, ಹೇಳಿ" ಎಂದೆ. ಅದು ಸುಳ್ಳು. ಇವರು ನನಗಾಗಿ ಹೇಳಿದ್ದರ ಮುಂದೆ ತೀರಾ ಸಣ್ಣದು.